ಕೈ ನಡುಗಿದರೆ ಟಾರ್ಚೂ ನಡುಗುತ್ತದೆ: ವೀಯಲ್ಲಿ ‘ಸೈಲೆಂಟ್ ಹಿಲ್: ಶ್ಯಾಟರ್ಡ್ ಮೆಮೊರೀಸ್’

ಮೊದಲೇ ಹೇಳಿಬಿಡುತ್ತೇನೆ. ಈ ಹಾರರ್ ಗೇಮಿನ ಟಾರ್ಚಿಗೆ ನಾನು ಹತ್ತಕ್ಕೆ ಹತ್ತು ಕೊಡುತ್ತೇನೆ. ಓಡುವ ಸೀನುಗಳಿಗೆ ಮೂರು ಕೊಟ್ಟರೂ ಜಾಸ್ತಿಯೇ. ಎರಡನ್ನೂ ನಡೆಸುವುದು ವೀ ಅನ್ನುವ ನಿಂಟೆಂಡೊ ಗೇಮ್ ಕನ್ಸೋಲಿನ ಅದೇ ಬಿಳಿ ರಿಮೋಟು, ಕೈಯಲ್ಲಿ ಹಿಡಿದು ಬೀಸಿ ಆಡುವಂಥದ್ದು. ಒಂದು ಕಡೆ ಅಷ್ಟು ಚಂದ, ಇನ್ನೊಂದು ಕಡೆ ಅಷ್ಟು ರಗಳೆ ಯಾಕೆ ಅಂತ ನನಗೆ ತಲೆಬಿಸಿ ಹತ್ತಿತು. ಹಾಗಾಗಿ ಇಲ್ಲಿ ಕಥೆಗಿಂತ ಕೈಯ ವಿಚಾರವೇ ಹೆಚ್ಚು. ಕಥೆಯ ಗುಟ್ಟು ಬಿಡುವುದಿಲ್ಲ, ಧೈರ್ಯವಾಗಿ ಓದಿ.

ನಾನು ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಮಾಡುವವನು. ಮಣಿಪಾಲದ ಹಾಸ್ಟೆಲ್ ಹುಡುಗರು ಗೇಮ್ ಕಂಟ್ರೋಲರ್ ಕೂಡ ತರುತ್ತಾರೆ. ಹೆಚ್ಚಾಗಿ ಸ್ಟಿಕ್ ಡ್ರಿಫ್ಟ್ (ಮುಟ್ಟದಿದ್ದರೂ ಸ್ಟಿಕ್ ಒತ್ತಿದಂತೆ ಆಗುವುದು), ಕೆಲವೊಮ್ಮೆ ಚಾರ್ಜಿಂಗ್ ಪೋರ್ಟ್. ಗೋಡೆಗೆ ಎಸೆದದ್ದೂ ಬರುತ್ತದೆ. ‘ಕೈ ಜಾರಿ ಬಿತ್ತಣ್ಣ’ ಅನ್ನುತ್ತಾರೆ. ನಾನೂ ‘ಹೌದಾ’ ಅಂತ ಹೇಳಿ ಸ್ಕ್ರೂ ಬಿಚ್ಚಲು ಶುರು ಮಾಡುತ್ತೇನೆ. ಹೀಗೆ ದಿನಾ ಬಿಚ್ಚಿ ನೋಡುವವನಿಗೆ ಒಳಗೆ ಯಾವ ಚಿಪ್ ಏನು ಮಾಡುತ್ತದೆ ಅಂತ ತಾನಾಗಿಯೇ ಗೊತ್ತಾಗುತ್ತದೆ. ಬಯ್ಯುವಾಗಲೂ ಯಾವ ಭಾಗಕ್ಕೆ ಬಯ್ಯಬೇಕು ಅಂತ ಗೊತ್ತಿರುತ್ತದೆ.

ವೀ ಬಂದದ್ದು ಭಾವನಿಂದ. ಅವರು ದುಬೈ ಕೆಲಸ ಬಿಟ್ಟು ಊರಿಗೆ ಬರುವಾಗ ತಂದದ್ದು. ಮೊದಲು ಮನೆ ಮಂದಿಯೆಲ್ಲ ಬೌಲಿಂಗ್ ಆಡಿದರು, ಮೂಲೆಯಲ್ಲಿ ಕೂತಿದ್ದ ಅಜ್ಜಿಯೂ ಎದ್ದು ಬಂದು ಆಡಿದರು. ಆಮೇಲೆ ಅಟ್ಟ ಸೇರಿತು. ಅದೇ ಪೆಟ್ಟಿಗೆಯಲ್ಲಿ ಈ ಡಿಸ್ಕ್ ಕವರ್ ಕೂಡ ಒಡೆಯದೆ ಉಳಿದಿತ್ತು. ‘ದೆವ್ವದ್ದೆಲ್ಲ ನಮ್ಮ ಮನೆಯಲ್ಲಿ ಹಾಕುವುದು ಬೇಡ’ ಅಂತ ಅಕ್ಕ ಆಗಲೇ ಹೇಳಿದ್ದಳಂತೆ. ಈಗ ಕನ್ಸೋಲ್, ಡಿಸ್ಕ್, ಜೊತೆಗೆ ಪಿಯುಸಿ ಓದುವ ಅಕ್ಕನ ಮಗ, ಮೂರೂ ಅಂಬಲಪಾಡಿಯ ನಮ್ಮ ಮನೆಗೆ ಬಂದಿವೆ.

ಗೇಮ್ ಹಳೇದು. ಬ್ರಿಟನ್ನಿನ ಕ್ಲೈಮ್ಯಾಕ್ಸ್ ಸ್ಟುಡಿಯೋಸ್ ಮಾಡಿದ್ದು, ಕೊನಾಮಿ ಹೊರತಂದದ್ದು. 2009ರ ಡಿಸೆಂಬರಿನಲ್ಲಿ ಮೊದಲು ಅಮೆರಿಕದಲ್ಲಿ ವೀಗೆ ಬಂತು, 2010ರಲ್ಲಿ ಸೋನಿಯ ಪಿಎಸ್2 (ಪ್ಲೇಸ್ಟೇಷನ್ 2) ಮತ್ತು ಪಿಎಸ್‌ಪಿಗೂ ಬಂತು. 1999ರ ಮೊದಲ ಸೈಲೆಂಟ್ ಹಿಲ್ ಕಥೆಯನ್ನೇ ತಿರುಗಿಸಿ ಬೇರೆ ರೀತಿ ಹೇಳುತ್ತದೆ. ಹಿಮ ಬೀಳುವ ರಾತ್ರಿ ಹ್ಯಾರಿ ಮೇಸನ್‌ನ ಕಾರು ಆಕ್ಸಿಡೆಂಟ್ ಆಗುತ್ತದೆ. ಎಚ್ಚರವಾದಾಗ ಮಗಳು ಶೆರಿಲ್ ಕಾರಿನಲ್ಲಿಲ್ಲ. ಕೈಯಲ್ಲಿ ಒಂದು ಟಾರ್ಚ್, ಜೇಬಿನಲ್ಲಿ ಒಂದು ಮೊಬೈಲ್. ಬಂದೂಕು ಇಲ್ಲ, ಚಾಕು ಇಲ್ಲ, ದೊಣ್ಣೆಯೂ ಇಲ್ಲ. ನಡುನಡುವೆ ಮನೋವೈದ್ಯನ ಕೋಣೆ. ಅಲ್ಲಿ ಅವನು ಕೇಳುವ ಪ್ರಶ್ನೆಗಳಿಗೆ ನಾವು ಕೊಡುವ ಉತ್ತರ ನೋಡಿ ಗೇಮ್ ತನ್ನ ಪಾತ್ರಗಳನ್ನೂ ಜಾಗಗಳನ್ನೂ ಅಲ್ಲಲ್ಲಿ ಬದಲಿಸುತ್ತದೆ. ಅದರ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ನಾನು ಟಾರ್ಚಿಗೆ ಬರುತ್ತೇನೆ.

ರಿಮೋಟಿಗೆ ವೈರಿನಿಂದ ಸಿಕ್ಕಿಸುವ ಎರಡನೇ ಹಿಡಿಕೆಗೆ ನಂಚಕ್ ಅಂತ ಹೆಸರು. ಎಡಗೈಯ ನಂಚಕ್‌ನಲ್ಲಿ ನಡಿಗೆ. ಬಲಗೈಯ ರಿಮೋಟೇ ಟಾರ್ಚ್. ಟಿವಿಯಲ್ಲಿ ಎಲ್ಲಿಗೆ ತೋರಿಸುತ್ತೀರೋ ಬೆಳಕು ಅಲ್ಲಿ ಬೀಳುತ್ತದೆ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಮಿಡ್‌ವಿಚ್ ಹೈಸ್ಕೂಲಿನ ಖಾಲಿ ಕ್ಲಾಸಿಗೆ ಒಮ್ಮೆ ಹೋಗಿ ನೋಡಿ. ಬಾಗಿಲು ದಾಟಿ ನಿಂತು, ಕಾಲು ಇಟ್ಟಲ್ಲೇ ಇಟ್ಟು, ಮಣಿಕಟ್ಟು ಮಾತ್ರ ಮೆಲ್ಲಗೆ ಎಡಕ್ಕೆ ತಿರುಗಿಸಿ. ಡೆಸ್ಕುಗಳ ನೆರಳು ಬಲಕ್ಕೆ ಸರಿಯುತ್ತದೆ. ಕುರ್ಚಿ ಕಾಲುಗಳ ನೆರಳು ಗೋಡೆಯ ಮೇಲೆ ಉದ್ದವಾಗಿ ಹೊರಳುತ್ತದೆ. ಕೈ ಸ್ವಲ್ಪ ಕೆಳಗಿಳಿಸಿದರೆ ಅದೇ ನೆರಳು ಸೀಲಿಂಗಿಗೆ ಏರುತ್ತದೆ. ಏನೋ ಅಲುಗಾಡಿತು ಅಂತ ತಟ್ಟನೆ ಕೈ ತಿರುಗಿಸಿದರೆ ಎಲ್ಲ ನೆರಳೂ ಒಟ್ಟಿಗೆ ಓಡುತ್ತದೆ. ಅಲುಗಾಡಿದ್ದು ಏನೂ ಇಲ್ಲ, ನನ್ನ ಕೈಯೇ. ಅದು ಗೊತ್ತಿದ್ದೂ ಎದೆ ಧಸಕ್ ಅನ್ನುತ್ತದೆ.

ಬೇರೆ ಎಷ್ಟೋ ಹಾರರ್ ಗೇಮುಗಳಲ್ಲಿ ಟಾರ್ಚ್ ಸ್ಕ್ರೀನಿನ ನಟ್ಟನಡುವೆ ಅಂಟಿಕೊಂಡಿರುತ್ತದೆ. ನೀವು ಎಷ್ಟೇ ಬೆವರಿದರೂ ಬೆಳಕು ಮಾತ್ರ ಗಟ್ಟಿ ನಿಂತಿರುತ್ತದೆ. ಇಲ್ಲಿ ಹಾಗಲ್ಲ. ನನ್ನ ಕೈ ನಡುಗಿದರೆ ಬೆಳಕೂ ನಡುಗುತ್ತದೆ, ಬೆಳಕು ನಡುಗಿದ್ದು ನೋಡಿ ಕೈ ಇನ್ನಷ್ಟು ನಡುಗುತ್ತದೆ. ಹೆದರಿಕೆಯನ್ನು ಗೇಮ್ ನನಗೆ ಕೊಟ್ಟಿತು, ನಾನು ಅದನ್ನು ಗೇಮಿಗೆ ವಾಪಸ್ ಕೊಟ್ಟೆ. ಬಟನ್ ಒತ್ತಿ ಇದು ಆಗುವುದಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಮುಂದಿನ ರಗಳೆಯೂ ಅರ್ಥ ಆಗುತ್ತದೆ. ಟಿವಿ ಕೆಳಗೆ ಇಡುವ ಪಟ್ಟಿಯ ಎರಡು ತುದಿಯಲ್ಲಿ ಇನ್ಫ್ರಾರೆಡ್ ಎಲ್‌ಇಡಿಗಳಿವೆ, ಅಷ್ಟೇ. ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ. ಆ ಎರಡು ಚುಕ್ಕೆ ತನಗೆ ಎಲ್ಲಿ ಕಾಣುತ್ತವೆ ಅಂತ ನೋಡಿ, ನಾವು ಟಿವಿಯ ಯಾವ ಕಡೆ ತೋರಿಸುತ್ತಿದ್ದೇವೆ ಅಂತ ರಿಮೋಟು ಲೆಕ್ಕ ಹಾಕುತ್ತದೆ. ನೋಡಿ ಹೇಳುವ ಕೆಲಸ, ಊಹೆ ಇಲ್ಲ. ಅದಕ್ಕೇ ಟಾರ್ಚ್ ಅಷ್ಟು ಚುರುಕು.

ನಮ್ಮ ಪಟ್ಟಿಯ ವೈರನ್ನು ಅಟ್ಟದಲ್ಲಿ ಇಲಿ ಕಡಿದಿತ್ತು. ಬೆಸುಗೆ ಹಾಕುವವರೆಗೆ ಟಿವಿ ಮುಂದೆ ಒಂದು ಗೇಣು ದೂರಕ್ಕೆ ಎರಡು ಮೇಣದಬತ್ತಿ ಹಚ್ಚಿಟ್ಟೆ. ಮೇಣದಬತ್ತಿಯ ಉರಿಯಲ್ಲೂ ಇನ್ಫ್ರಾರೆಡ್ ಇರುತ್ತದೆ, ರಿಮೋಟಿಗೆ ಬೇಕಾದದ್ದು ಎರಡು ಚುಕ್ಕೆ ಮಾತ್ರ. ಚಂದ ಕೆಲಸ ಮಾಡಿತು. ಲೈಟ್ ಆಫ್ ಮಾಡಿದ ಹಾಲಿನಲ್ಲಿ ಎರಡು ಮೇಣದಬತ್ತಿ, ನಡುವೆ ಸೈಲೆಂಟ್ ಹಿಲ್. ಅಮ್ಮ ಬಂದು ನೋಡಿ, ‘ಎಂತ ಮಾರಾಯ, ಟಿವಿಗೆ ಪೂಜೆ ಮಾಡ್ತಿದ್ದೀಯಾ?’ ಅಂದರು.

ಆದರೆ ಇದೇ ಗುಣ ತೊಂದರೆಯೂ ಹೌದು. ನಮ್ಮಲ್ಲಿ ಟಿವಿ ಪಕ್ಕದ ಗೂಡಿನಲ್ಲೇ ದೇವರ ಫೋಟೋ. ಮುಸ್ಸಂಜೆ ಅಮ್ಮ ದೀಪ ಹಚ್ಚಿದರೋ, ಹ್ಯಾರಿಯ ಟಾರ್ಚ್ ಹುಚ್ಚು ಹಿಡಿದಂತೆ ಮೂಲೆಗೆ ಹಾರುತ್ತದೆ. ಮೂರನೇ ಚುಕ್ಕೆ ಎಲ್ಲಿಂದ ಬಂತು ಅಂತ ರಿಮೋಟಿಗೆ ಗೊತ್ತಾಗುವುದಿಲ್ಲ. ಮಧ್ಯಾಹ್ನ ಕಿಟಕಿಯಿಂದ ಟಿವಿ ಕಡೆ ಬಿಸಿಲು ಬಿದ್ದರೂ ಅದೇ ಕಥೆ. ದೇವರ ದೀಪ ಊದಿ ಆರಿಸುವ ಮಾತೇ ಇಲ್ಲ. ಎಣ್ಣೆ ಮುಗಿದ ಮೇಲೆಯೇ ನಮ್ಮ ಆಟ ಶುರು. ಹಾರರ್ ಗೇಮಿಗೆ ಆ ಹೊತ್ತೇ ಒಳ್ಳೆಯದು ಬಿಡಿ.

ಇನ್ನು ಫೋನ್. ಹ್ಯಾರಿಗೆ ಕರೆ ಬಂದಾಗ ಮಾತು ಟಿವಿಯಿಂದ ಬರುವುದಿಲ್ಲ, ರಿಮೋಟಿನೊಳಗಿನ ಸಣ್ಣ ಸ್ಪೀಕರಿನಿಂದ ಬರುತ್ತದೆ. ಸ್ಪೀಕರ್ ಗುಣಮಟ್ಟ ಅಷ್ಟಕ್ಕಷ್ಟೆ, ಕರಕರ ಅನ್ನುತ್ತದೆ. ಆದರೆ ಮಾತಾಡುವುದು ಫೋನ್ ಅಲ್ವಾ, ಅದು ಹಾಗೆಯೇ ಇರಬೇಕು. ಆಟಿ ತಿಂಗಳ ಮಳೆ ಹಂಚಿನ ಮೇಲೆ ಹೊಡೆಯುವಾಗ ನಮ್ಮ ಹಾಲಿನಲ್ಲಿ ಟಿವಿಯೇ ಸರಿ ಕೇಳುವುದಿಲ್ಲ, ಇನ್ನು ಇದೆಲ್ಲಿ? ಯಾರೂ ಹೇಳದೆ ಹುಡುಗ ರಿಮೋಟನ್ನು ಕಿವಿಗೆ ಒತ್ತಿಕೊಂಡ. ಇನ್ನೊಂದು ಕಿವಿಗೆ ನಂಚಕ್ ಹಿಡಿದ ಕೈ ಅಡ್ಡ ಹಿಡಿದ. ಕಣ್ಣು ಟಿವಿ ಮೇಲೆ. ಕಿವಿಯ ಹತ್ತಿರ ಯಾರೋ ಅಳುತ್ತಾರೆ. ರಿಮೋಟು ಕಿವಿಯಲ್ಲಿದ್ದರೆ ಟಾರ್ಚ್ ತೋರಿಸಲು ಕೈ ಇಲ್ಲ. ಬೆಳಕು ಬೇಕಾ, ಮಾತು ಬೇಕಾ, ಒಂದನ್ನು ಬಿಡಬೇಕು. ಈ ಇಕ್ಕಟ್ಟಿಗಾಗಿ ಒಂದು ಸಾಲು ಸೂಚನೆಯೂ ಬೇಕಾಗಲಿಲ್ಲ, ಕೈ ತಾನಾಗಿಯೇ ಹೋಯಿತು.

ಸಣ್ಣಪುಟ್ಟ ಒಗಟುಗಳೂ ಉಂಟು. ವಸ್ತುವನ್ನು ಎರಡು ಬಟನ್ ಒತ್ತಿ ಚಿವುಟಿ ಹಿಡಿಯುವುದು, ಡ್ರಾಯರ್ ಎಳೆಯುವುದು, ಡಬ್ಬಿ ತಲೆಕೆಳಗೆ ಮಾಡಿ ಒಳಗಿನ ಕೀಲಿ ಬೀಳಿಸುವುದು. ಇವೆಲ್ಲ ಸರಾಗ. ಅವಸರ ಇಲ್ಲ, ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಒಮ್ಮೆ ರಿಮೋಟಿಗೆ ತಿಳಿಯದಿದ್ದರೆ ಇನ್ನೊಮ್ಮೆ ಮಾಡಿದರಾಯಿತು.

ಈಗ ಓಟಕ್ಕೆ ಬರೋಣ. ಹೊತ್ತು ಗೊತ್ತಿಲ್ಲದೆ ಊರೆಲ್ಲ ಮಂಜುಗಡ್ಡೆ ಕಟ್ಟುತ್ತದೆ. ಮುಖ ಸರಿಯಾಗಿ ಇಲ್ಲದ ಆಕೃತಿಗಳು ಕಿರುಚುತ್ತಾ ಬರುತ್ತವೆ. ಹೊಡೆಯಲು ಏನೂ ಇಲ್ಲ, ಓಡಬೇಕು. ದಾಟಬಹುದಾದ ಬಾಗಿಲು, ಗೋಡೆಗಳಿಗೆ ನೀಲಿ ಅಂಚು ಇರುತ್ತದೆ. ಬೀರು ಒಳಗೆ, ಮಂಚದ ಕೆಳಗೆ ಅಡಗಬಹುದು. ಸಿಕ್ಕಿದರೆ ಫ್ಲೇರ್ (ಜೋರಾಗಿ ಉರಿಯುವ ಬೆಳಕಿನ ಕಡ್ಡಿ) ಹಚ್ಚಿ ಸ್ವಲ್ಪ ಹೊತ್ತು ದೂರ ಇಡಬಹುದು. ಹಿಂತಿರುಗಿ ನೋಡಲು ಒಂದು ಬಟನ್ ಇದೆ, ಒತ್ತದಿದ್ದರೇ ಒಳ್ಳೆಯದು. ಇಷ್ಟರವರೆಗೆ ನನಗೇನೂ ತಕರಾರಿಲ್ಲ. ಆಯುಧ ಕೊಡದ ತೀರ್ಮಾನ ನನಗೆ ಭಾರೀ ಇಷ್ಟ.

ತಕರಾರು ಶುರುವಾಗುವುದು ಅವು ಮೈಗೆ ಅಂಟಿದಾಗ. ಮುಂದಿನಿಂದ ಅಪ್ಪಿಕೊಂಡರೆ ಎರಡೂ ಕೈ ಮುಂದೆ ತಳ್ಳಬೇಕು. ಬೆನ್ನಿಗೆ ಅಂಟಿದರೆ ಹಿಂದಕ್ಕೆ. ಎಡಕ್ಕೆ ಬಂದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಕಾಗದದ ಮೇಲೆ ಎಷ್ಟು ಚಂದದ ಯೋಚನೆ ಅಲ್ವಾ! ನಮ್ಮ ಹಾಲಿನಲ್ಲಿ ಆದದ್ದು ಏನೆಂದರೆ, ಹುಡುಗ ತಳ್ಳುತ್ತಾನೆ, ಹ್ಯಾರಿ ಸುಮ್ನೆ ನಿಲ್ಲುತ್ತಾನೆ. ಮತ್ತೆ ತಳ್ಳುತ್ತಾನೆ, ಇನ್ನೊಂದು ಬಂದು ಅಂಟುತ್ತದೆ. ‘ಮಾಮ, ನಾನು ತಳ್ಳಿದೆ ಅಲ್ವಾ? ನೀವು ನೋಡಿದ್ರಿ ಅಲ್ವಾ?’ ಅಂತ ನನ್ನನ್ನೇ ಸಾಕ್ಷಿಗೆ ಕರೆಯುತ್ತಾನೆ. ನೋಡಿದೆ. ಅವನು ತಳ್ಳಿದ್ದು ನಿಜ. ಗೇಮಿಗೆ ಗೊತ್ತಾಗಲಿಲ್ಲ, ಅಷ್ಟೇ.

ಯಾಕೆ ಗೊತ್ತಾಗುವುದಿಲ್ಲ? ಟಾರ್ಚಿನ ಕೆಲಸಕ್ಕೆ ಕ್ಯಾಮೆರಾ ಇದೆ. ತಳ್ಳುವುದನ್ನು ತಿಳಿಯಲು ಇರುವುದು ಆಕ್ಸಿಲರೋಮೀಟರ್ ಅನ್ನುವ ಸಣ್ಣ ಚಿಪ್, ರಿಮೋಟಿನಲ್ಲಿ ಒಂದು, ನಂಚಕ್‌ನಲ್ಲಿ ಒಂದು. ಅದು ಕೈಯನ್ನು ನೋಡುವುದಿಲ್ಲ. ತನ್ನ ಮೇಲೆ ಎಷ್ಟು ಜಗ್ಗಾಟ ಬಿತ್ತು ಅನ್ನುವುದಷ್ಟೇ ಅದಕ್ಕೆ ಗೊತ್ತು. ಕಣ್ಣು ಮುಚ್ಚಿ ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ಬಸ್ಸಿನಲ್ಲಿ ನಿಂತುಕೊಳ್ಳಿ. ಮೈ ಹಿಂದಕ್ಕೆ ವಾಲಿದರೆ ಬಸ್ಸು ಏರು ಹತ್ತಿತೋ, ಡ್ರೈವರ್ ಸ್ಪೀಡ್ ಕೊಟ್ಟನೋ ಹೇಳಿ ನೋಡೋಣ. ಈ ಚಿಪ್‌ನ ಕಷ್ಟವೂ ಅದೇ. ಕೈ ಓರೆ ಮಾಡಿದ್ದಕ್ಕೂ ಕೈ ಮುಂದೆ ಹೋದದ್ದಕ್ಕೂ ಅದು ಒಂದೇ ರೀತಿ ಲೆಕ್ಕ ಕೊಡುತ್ತದೆ.

ಇನ್ನೂ ಒಂದು ಇದೆ. ಕೈ ಮುಂದೆ ತಳ್ಳುವುದೆಂದರೆ ಮೊದಲು ವೇಗ ಹೆಚ್ಚುತ್ತದೆ, ಆಮೇಲೆ ತೋಳು ಪೂರ್ತಿ ಚಾಚಿ ತಟ್ಟನೆ ನಿಲ್ಲುತ್ತದೆ. ಆ ನಿಲ್ಲುವ ಜರ್ಕ್ ಚಿಪ್ಪಿಗೆ ಹಿಂದಕ್ಕೆ ಎಳೆದಂತೆಯೇ ಕಾಣುತ್ತದೆ. ಮುಂದಾ ಹಿಂದಾ ಅಂತ ಗೇಮ್ ಊಹಿಸಬೇಕು. ಅದರ ಮೇಲೆ ರಿಮೋಟಿನ ಈ ಚಿಪ್ ಅಳೆಯುವ ಮಿತಿ ಸುಮಾರು 3 ಜಿ, ಅಂದರೆ ಭೂಮಿಯ ಸೆಳೆತದ ಮೂರು ಪಟ್ಟು. ಹೆದರಿದವನು ಮೆಲ್ಲಗೆ ತಳ್ಳುತ್ತಾನಾ? ಇದ್ದಬದ್ದ ಶಕ್ತಿ ಹಾಕಿ ಬೀಸುತ್ತಾನೆ. ಆಗ ಅಳತೆ ಮಿತಿಗೆ ಮುಟ್ಟಿ ಅಲ್ಲೇ ಕತ್ತರಿಸಿ ಹೋಗುತ್ತದೆ. ಎಷ್ಟು ಹೆದರುತ್ತೀರೋ ಅಷ್ಟು ಜೋರಾಗಿ ಬೀಸುತ್ತೀರಿ, ಎಷ್ಟು ಜೋರಾಗಿ ಬೀಸುತ್ತೀರೋ ಗೇಮಿಗೆ ಅಷ್ಟು ಅರ್ಥವಾಗುವುದಿಲ್ಲ. ಹಾರರ್ ಗೇಮಿಗೆ ಇದಕ್ಕಿಂತ ಕೆಟ್ಟ ಏರ್ಪಾಡು ಇದೆಯಾ? ತಿರುಗಿದ್ದನ್ನು ಬೇರೆಯಾಗಿ ಅಳೆಯುವ ಗೈರೊಸ್ಕೋಪನ್ನು ನಿಂಟೆಂಡೊ 2009ರಲ್ಲಿ ಮೋಷನ್‌ಪ್ಲಸ್ ಅಂತ ಹೊರಗಿನಿಂದ ಸಿಕ್ಕಿಸುವ ತುಂಡಾಗಿ ತಂದಿತು. ಈ ಗೇಮ್ ಅದನ್ನು ನಂಬಿಕೊಂಡು ಮಾಡಿದ್ದಲ್ಲ.

ನಂಚಕ್ ವೈರಿನ ಮಾತು ಬೇರೆಯೇ. ರಿಮೋಟಿನ ಬುಡಕ್ಕೆ ಸಿಕ್ಕಿಸಿದ ಆ ವೈರ್ ಸುಮ್ಮನೆ ಕೂತು ಆಡುವಾಗ ಸಾಕಾಗುತ್ತದೆ. ಎರಡೂ ಕೈ ಎಡಕ್ಕೆ ಬೀಸಿದಾಗ ಮುಖಕ್ಕೆ ಬಡಿಯುತ್ತದೆ. ಕೊನೆಗೆ ನಾವು ಕಂಡುಕೊಂಡದ್ದು ಇಷ್ಟು: ಮೊಣಕೈ ಮೈಗೆ ಒತ್ತಿ, ರಿಮೋಟನ್ನು ಓರೆ ಮಾಡದೆ ನೆಟ್ಟಗಿಟ್ಟು, ಚಿಕ್ಕದಾಗಿ ಗಟ್ಟಿಯಾಗಿ ಒಂದು ದೂಡು. ಬಾಗಿಲಿನ ಚಿಲಕ ಸರಿಸುವಷ್ಟು ಸಾಕು. ಹೆಚ್ಚಿನ ಸಲ ಗೇಮ್ ಒಪ್ಪುತ್ತದೆ. ಆದರೆ ಹೀಗೆ ಲೆಕ್ಕ ಹಾಕಿ ದೂಡಬೇಕಾದರೆ ಮನಸ್ಸು ತಣ್ಣಗಿರಬೇಕು. ತಣ್ಣಗಿದ್ದವನಿಗೆ ಹಾರರ್ ಎಲ್ಲಿಂದ ಬರಬೇಕು?

ನನಗೆ ಕಂಡ ವಿಷಯ ಇದು. ಹೆದರಿಕೆಗೂ ಸಿಟ್ಟಿಗೂ ನಡುವೆ ಕೂದಲೆಳೆ ಅಂತರ. ಬಟನ್ ಗೇಮಿನಲ್ಲಿ ಹೀರೋ ನಿಧಾನ ಓಡಿದರೆ ‘ಪಾಪ, ಅವನಿಗೆ ಆಗುತ್ತಿಲ್ಲ’ ಅನ್ನಿಸುತ್ತದೆ. ಹಳೆಯ ರೆಸಿಡೆಂಟ್ ಈವಿಲ್ ಗೇಮುಗಳಲ್ಲಿ ತಿರುಗುವುದೇ ಕಷ್ಟವಿತ್ತು. ಆದರೆ ಆ ಒದ್ದಾಟ ಪಾತ್ರದ ಒದ್ದಾಟವಾಗಿತ್ತು, ಅದರಿಂದ ಭಯ ಹೆಚ್ಚುತ್ತಿತ್ತು. ಕೈ ಬೀಸಿ ಆಡುವ ಮೋಷನ್ ಕಂಟ್ರೋಲಿನಲ್ಲಿ ನಾನು ನನ್ನ ಕೈಯಾರೆ ಮಾಡಿದ್ದೇನೆ. ಮಾಡಿದ್ದು ನನಗೆ ಗೊತ್ತು. ‘ನೀನು ಮಾಡಲಿಲ್ಲ’ ಅಂತ ಗೇಮ್ ಹೇಳಿದರೆ ದೆವ್ವದ ಮೇಲಿನ ಭಯ ಹೋಗಿ ರಿಮೋಟಿನ ಮೇಲೆ ಸಿಟ್ಟು ಬರುತ್ತದೆ. ನನ್ನ ಅಂಗಡಿಗೆ ಬರುವ, ‘ಕೈ ಜಾರಿ ಬಿದ್ದ’ ಕಂಟ್ರೋಲರುಗಳು ಹೀಗೆಯೇ ಹುಟ್ಟುವುದು.

ಹಾಗಂತ ಎಲ್ಲ ಸರಿಯಾಗಿ ಕೆಲಸ ಮಾಡಿಬಿಟ್ಟರೆ ಭಯ ಹೆಚ್ಚುತ್ತದೆ ಅಂತಲೂ ಅಲ್ಲ. 2007ರ ರೆಸಿಡೆಂಟ್ ಈವಿಲ್ 4ರ ವೀ ಆವೃತ್ತಿ ನೋಡಿ. ರಿಮೋಟನ್ನು ಟಿವಿ ಕಡೆ ತೋರಿಸಿ ಗುರಿ ಇಡುವುದು ಎಷ್ಟು ಸಲೀಸು ಅಂದರೆ, ಅದು ಆ ಗೇಮನ್ನು ಆಡುವ ಒಳ್ಳೆಯ ದಾರಿ ಅಂತ ಈಗಲೂ ಹಲವರು ಹೇಳುತ್ತಾರೆ. ನನಗೂ ಹೌದು. ಆದರೆ ತಲೆಗೆ ಗುರಿ ಇಟ್ಟು ಟಪಟಪ ಬೀಳಿಸುತ್ತಾ ಹೋದ ಹಾಗೆ, ಗೇಮಿನಲ್ಲಿ ಕೊಲ್ಲಲು ಬರುವ ಊರಿನವರು ಬರಲಿ ಅಂತ ನಾನೇ ಕಾಯುವ ಪರಿಸ್ಥಿತಿ ಆಯಿತು. ಮಜಾ ಜಾಸ್ತಿ, ಭಯ ಕಮ್ಮಿ.

ಅದೇ ಕಾಲದ ಇನ್ನೊಂದು, 2009ರ ಜು-ಆನ್ ಗೇಮ್. ಅದರಲ್ಲೂ ರಿಮೋಟೇ ಟಾರ್ಚ್. ಟಾರ್ಚಿನ ಬ್ಯಾಟರಿ ಮುಗಿದರೆ ಕಥೆ ಮುಗಿಯಿತು. ಕೈ ಎಷ್ಟು ನಡುಗಿತು ಅಂತ ಅಳೆದು, ನೀವು ಎಷ್ಟು ಪುಕ್ಕಲು ಅಂತ ಕೊನೆಗೆ ಹೇಳುವ ತಮಾಷೆಯೂ ಇದೆ. ಯೋಚನೆ ಬಂಗಾರ. ಆದರೆ ನಡಿಗೆ ಬಸವನಹುಳು. ತಿರುಗಬೇಕಾದರೆ ಸ್ಕ್ರೀನಿನ ಅಂಚಿಗೆ ತೋರಿಸಿ ಕಾಯಬೇಕು. ದೆವ್ವಕ್ಕಿಂತ ಮೊದಲು ಆಕಳಿಕೆ ಬಂತು. ಇಡೀ ಮೈಯ ಚಲನೆ ನೋಡುವ ಮೈಕ್ರೊಸಾಫ್ಟಿನ ಕ್ಯಾಮೆರಾ ಕಿನೆಕ್ಟಿಗೆ ಬಂದ ಸೇಗಾದ ರೈಸ್ ಆಫ್ ನೈಟ್‌ಮೇರ್ಸ್ ಬಗ್ಗೆ ಒಂದೇ ಮಾತು: ಒಂದು ಕಾಲು ಮುಂದಿಟ್ಟು ನಡೆಯುವುದು, ಭುಜ ತಿರುಗಿಸಿ ತಿರುಗುವುದು. ಸೊಂಟ ಗಟ್ಟಿ ಇದ್ದವರಿಗೆ.

ನಿಜವಾಗಿ ಈ ವಿದ್ಯೆ ಅರಿತದ್ದು ಅನ್ಟಿಲ್ ಡಾನ್. ಸೂಪರ್‌ಮ್ಯಾಸಿವ್ ಗೇಮ್ಸ್ ಮಾಡಿದ್ದು, 2015ರಲ್ಲಿ ಪಿಎಸ್4ಗೆ ಬಂತು, 2024ರಲ್ಲಿ ಹೊಸದಾಗಿ ಪಿಎಸ್5 ಮತ್ತು ಪಿಸಿಗೆ ಮಾಡಿಕೊಟ್ಟರು. ಅದು ಮೊದಲು ಶುರುವಾದದ್ದೇ ಪಿಎಸ್3ರ, ಕೈ ಬೀಸಿ ಆಡುವ ಮೂವ್ ಕಂಟ್ರೋಲರಿಗೆ ಅಂತ, ಆಮೇಲೆ ದಾರಿ ಬದಲಿಸಿತು. ಅದರಲ್ಲಿ ಕೆಲವು ಕಡೆ ಗೇಮ್ ಒಂದೇ ಆಜ್ಞೆ ಕೊಡುತ್ತದೆ: ಅಲುಗಾಡಬೇಡ. ಕಂಟ್ರೋಲರನ್ನು ಅಲ್ಲಾಡಿಸದೆ ಹಿಡಿಯಬೇಕು. ಸ್ಕ್ರೀನಿನಲ್ಲಿ ಒಂದು ಬೆಳಕಿನ ಗುರುತು ಇರುತ್ತದೆ, ಅದು ಗೆರೆಯೊಳಗೇ ಇರಬೇಕು. ಪಕ್ಕದಲ್ಲಿ ಏನೋ ಮೂಸುತ್ತಿದೆ. ಉಸಿರು ಬಿಟ್ಟರೆ ಕೈ ಅಲುಗುತ್ತದೆ, ಹಾಗಾಗಿ ಉಸಿರೂ ಕಟ್ಟುತ್ತದೆ.

ಇಲ್ಲಿ ಸೆನ್ಸರಿಗೆ ಊಹಿಸುವ ಕೆಲಸವೇ ಇಲ್ಲ ನೋಡಿ. ಯಾವ ದಿಕ್ಕು, ಎಷ್ಟು ಜೋರು, ಏನೂ ಬೇಡ. ಅಲುಗಿತಾ ಇಲ್ಲವಾ, ಅಷ್ಟೇ. ಅದು ಈ ಚಿಪ್ಪುಗಳಿಗೆ ತುಂಬ ಚೆನ್ನಾಗಿ ಬರುವ ಕೆಲಸ. ರಿಪೇರಿಗೆ ಬರುವ ಕಂಟ್ರೋಲರುಗಳಲ್ಲಿ ಸ್ಟಿಕ್ ಹಾಳಾದದ್ದು ರಾಶಿ ರಾಶಿ, ಗೈರೊ ಹಾಳಾದದ್ದು ನಾನು ನೋಡಿದ್ದೇ ಅಪರೂಪ. ಸೋತರೆ ಸಿಟ್ಟು ಬರುವುದಿಲ್ಲ, ಯಾಕೆಂದರೆ ಕೈ ಅಲುಗಿದ್ದು ನಿಜ. ‘ನಾವು ಕಂಟ್ರೋಲರನ್ನು ದಿಂಬಿನ ಮೇಲೆ ಇಟ್ಟುಬಿಡ್ತೇವೆ ಅಣ್ಣ’ ಅಂತ ಹಾಸ್ಟೆಲ್ ಹುಡುಗನೊಬ್ಬ ಗುಟ್ಟು ಹೇಳಿದ. ಹೌದು, ಇಡಬಹುದು. ಸಿನಿಮಾ ನೋಡುವಾಗ ಕಣ್ಣೂ ಮುಚ್ಚಿಕೊಳ್ಳಬಹುದು. ದುಡ್ಡು ಕೊಟ್ಟದ್ದು ಯಾರು?

ವಿಆರ್ (ಕಣ್ಣಿಗೆ ಕಟ್ಟಿಕೊಂಡು ಆಡುವ ಹೆಡ್‌ಸೆಟ್) ಬಂದ ಮೇಲೆ ಈ ಚರ್ಚೆ ಮುಗಿಯಿತು ಅನ್ನುವವರಿದ್ದಾರೆ. ಪೂರ್ತಿ ಮುಗಿದಿಲ್ಲ. 2017ರ ರೆಸಿಡೆಂಟ್ ಈವಿಲ್ 7 ಪಿಎಸ್ ವಿಆರ್‌ನಲ್ಲಿ ಕೈಗೆ ಕೆಲಸವೇ ಕೊಡಲಿಲ್ಲ. ಮಾಮೂಲಿ ಕಂಟ್ರೋಲರ್, ಗುರಿ ಇಡಲು ತಲೆ ತಿರುಗಿಸುವುದು. ಆದರೂ ಬೆವರಿಳಿಸಿತು. 2020ರ ಹಾಫ್-ಲೈಫ್: ಅಲಿಕ್ಸ್‌ನಲ್ಲಿ ಒಂದು ಭಾಗ ಇದೆ. ಕಣ್ಣಿಲ್ಲದ, ಸದ್ದು ಕೇಳಿ ಬರುವ ಒಂದು ಪ್ರಾಣಿ. ಗಾಳಿಯಲ್ಲಿ ತೇಲುವ ಪುಡಿಯಿಂದ ಕೆಮ್ಮು ಬರುತ್ತದೆ. ಕೆಮ್ಮು ತಡೆಯಲು ಏನು ಮಾಡಬೇಕು? ಕೈ ಎತ್ತಿ ಬಾಯಿ ಮುಚ್ಚಿಕೊಳ್ಳಬೇಕು. ಮಣಿಪಾಲದ ಒಬ್ಬ ಗಿರಾಕಿಯ ರೂಮಿನಲ್ಲಿ ನಾನು ಆಡಿದಾಗ, ಗೇಮ್ ಕೇಳುವ ಮೊದಲೇ ಕೈ ಬಾಯಿಗೆ ಹೋಗಿತ್ತು.

ನೋಡಿ, ಸರಿ ಬಂದದ್ದೆಲ್ಲ ಒಂದೇ ಜಾತಿಯವು. ಕತ್ತಲೆಗೆ ಟಾರ್ಚ್ ತೋರಿಸುವುದು, ಫೋನನ್ನು ಕಿವಿಗೆ ಒತ್ತುವುದು, ಅಲುಗದೆ ನಿಲ್ಲುವುದು, ಬಾಯಿ ಮುಚ್ಚಿಕೊಳ್ಳುವುದು. ಹೆದರಿದ ಮೈ ಹೇಳಿಕೊಡದೆ ಮಾಡುವ ಕೆಲಸಗಳಿವು. ಹೆದರಿದವನು ‘ಈಗ ಬಲಕ್ಕೆ, ರಿಮೋಟು ನೆಟ್ಟಗೆ, ಮಧ್ಯಮ ವೇಗದಲ್ಲಿ’ ಅಂತ ತಳ್ಳುವುದಿಲ್ಲ. ಸಿಕ್ಕಸಿಕ್ಕ ಹಾಗೆ ಕೈಕಾಲು ಬಡಿಯುತ್ತಾನೆ. ಶ್ಯಾಟರ್ಡ್ ಮೆಮೊರೀಸ್ ಮಾಡಿದವರು ಆ ಬಡಿತವನ್ನೇ ಒಪ್ಪಿಕೊಂಡಿದ್ದರೆ ಸಾಕಿತ್ತು. ಯಾವ ದಿಕ್ಕಾದರೂ ಆಗಲಿ, ಕೊಡವಿದರೆ ಬಿಡಲಿ. ಸ್ವಲ್ಪ ಸುಲಭ ಆಗುತ್ತಿತ್ತು, ಹೌದು. ಆದರೆ ಭಯ ಭಯವಾಗಿಯೇ ಉಳಿಯುತ್ತಿತ್ತು.

ವಿಆರ್ ತೆಗೆದುಕೊಳ್ಳುವ ಆಲೋಚನೆ ಇದ್ದರೆ ಕರಾವಳಿಯವರಿಗೆ ಎರಡು ಮಾತು. ಹೆಡ್‌ಸೆಟ್ಟಿನಲ್ಲೇ ಕ್ಯಾಮೆರಾ ಇರುವ ಮಾಡೆಲ್‌ಗಳು ಕೋಣೆಯನ್ನು ನೋಡಿಯೇ ನೀವು ಎಲ್ಲಿದ್ದೀರಿ ಅಂತ ತಿಳಿಯುವುದು. ಲೈಟ್ ಪೂರ್ತಿ ಆಫ್ ಮಾಡಿದರೆ ಅದಕ್ಕೆ ಕಣ್ಣು ಕಾಣುವುದಿಲ್ಲ, ಜಗತ್ತೇ ಜಾರತೊಡಗುತ್ತದೆ. ಹಾರರ್ ಆಡಲು ಟ್ಯೂಬ್‌ಲೈಟ್ ಹಾಕಿಕೊಳ್ಳಬೇಕು! ಮತ್ತೆ ನಮ್ಮ ಏಪ್ರಿಲ್ ಮೇ ಸೆಕೆ. ಮುಖಕ್ಕೆ ಒತ್ತಿದ ಫೋಮ್ ಒಳಗೆ ಬೆವರು, ಲೆನ್ಸಿಗೆ ಆವಿ. ಫ್ಯಾನ್ ಜೋರು ಮಾಡಿ ಅಂತೀರಾ? ಮಾಡಿ. ಆದರೆ ಎತ್ತರದವರು ಫ್ಯಾನಿನ ಕೆಳಗೆ ನಿಂತು ಕೈ ಎತ್ತಬೇಡಿ.

ಮತ್ತೆ ನಮ್ಮ ವೀಗೆ. ಗೇಮ್ ಚಿಕ್ಕದು, ಒಂದು ವಾರಾಂತ್ಯಕ್ಕೆ ಸಾಕು. ಮುಗಿದ ಮೇಲೆ ಮನೋವೈದ್ಯನಿಗೆ ಬೇರೆ ಉತ್ತರ ಕೊಟ್ಟು ಇನ್ನೊಮ್ಮೆ ಆಡಿದರೆ ಬೇರೆ ಮುಖ ಕಾಣಿಸುತ್ತದೆ. ಅಕಿರಾ ಯಮಾವೋಕ ಅವರ ಸಂಗೀತಕ್ಕೆ ಮಾತ್ರವೇ ಇನ್ನೊಮ್ಮೆ ಆಡಿದರೂ ನಷ್ಟವಿಲ್ಲ. ಓಟದಲ್ಲಿ ಕೈ ಬೀಸುವ ರಗಳೆ ಬೇಡ ಅನ್ನಿಸಿದವರು ಪಿಎಸ್2 ಅಥವಾ ಪಿಎಸ್‌ಪಿ ಆವೃತ್ತಿ ಹಿಡಿಯಬಹುದು, ಅಲ್ಲಿ ಕೈ ಬೀಸುವ ಕಷ್ಟ ಇಲ್ಲ. ಆದರೆ ಟಾರ್ಚ್ ಹಿಡಿಯುವ ಸುಖವೂ ಇಲ್ಲ, ಫೋನ್ ಕಿವಿಗೆ ಬರುವುದೂ ಇಲ್ಲ. ನನ್ನನ್ನು ಕೇಳಿದರೆ ಬೈದುಕೊಂಡಾದರೂ ವೀಯಲ್ಲೇ ಆಡಿ.

ಹಳೇದು ಕೊಳ್ಳುವವರು ನೋಡಿ ಕೊಳ್ಳಿ. ನಮ್ಮ ಕಡಲ ಗಾಳಿಗೆ ಲೋಹ ಬೇಗ ಹಾಳಾಗುತ್ತದೆ, ಅದರಲ್ಲೂ ಪೆನ್ಸಿಲ್ ಸೆಲ್ ತೆಗೆಯದೆ ಬಿಟ್ಟ ರಿಮೋಟು. ಹಿಂದಿನ ಮುಚ್ಚಳ ತೆಗೆದು ಸ್ಪ್ರಿಂಗ್ ನೋಡಿ. ಸ್ವಲ್ಪ ಬಿಳಿ ಹುಡಿ ಇದ್ದರೆ ವಿನೆಗರ್ ಹಚ್ಚಿ ಉಜ್ಜಿದರೆ ಹೋಗುತ್ತದೆ. ಹಸಿರು ಹಿಡಿದು ಬೋರ್ಡಿನವರೆಗೆ ಹೋಗಿದ್ದರೆ ಬಿಟ್ಟುಬಿಡಿ. ರಿಮೋಟಿನ ಸ್ಕ್ರೂಗಳು ಮೂರು ಮೂಲೆಯವು, ಮಾಮೂಲಿ ಸ್ಕ್ರೂಡ್ರೈವರ್ ಹಾಕಿ ಗೀರಿದ ಗುರುತಿದ್ದರೆ ಯಾರೋ ಆಗಲೇ ಒಳಗೆ ಕೈ ಹಾಕಿದ್ದಾರೆ ಅಂತ ಅರ್ಥ. ಟಿವಿ ಕೆಳಗಿನ ಪಟ್ಟಿ ಸರಿ ಇದೆಯಾ ಅಂತ ನೋಡಲು ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಿಡಿಯಿರಿ. ಕಣ್ಣಿಗೆ ಕಾಣದ ಎಲ್‌ಇಡಿ ಹೆಚ್ಚಿನ ಫೋನುಗಳಲ್ಲಿ ನೇರಳೆಯಾಗಿ ಹೊಳೆಯುತ್ತದೆ. ಎರಡೂ ತುದಿ ಹೊಳೆಯಬೇಕು.

ಹೊಸ ಟಿವಿಗೆ ಎವಿ ಪಿನ್ ಇಲ್ಲದಿದ್ದರೆ ಎಚ್‌ಡಿಎಂಐ ಅಡಾಪ್ಟರ್ ಬೇಕು. ವೀ ಕೊಡುವುದೇ ಈಗಿನ ಟಿವಿಗಳಿಗಿಂತ ತೀರಾ ಕಮ್ಮಿ ಸ್ಪಷ್ಟತೆಯ ಚಿತ್ರ. ಅದನ್ನು ದೊಡ್ಡದು ಮಾಡಿ ಚಂದ ಕಾಣಿಸಲು ಹೋಗಿ ಟಿವಿ ತಡ ಮಾಡುತ್ತದೆ, ಆಗ ಕೈಗೂ ಟಾರ್ಚಿಗೂ ತಾಳೆ ತಪ್ಪುತ್ತದೆ. ಟಿವಿಯ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿಕೊಳ್ಳಿ. ಮತ್ತೆ ರಿಮೋಟಿನ ಸ್ಪೀಕರ್ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ಬೇರೆ ಗೇಮುಗಳಿಗೆ ಅದು ಇಲ್ಲದಿದ್ದರೂ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ವೀಯ ಹೋಮ್ ಬಟನ್ ಒತ್ತಿ, ಕೆಳಗೆ ಬರುವ ರಿಮೋಟ್ ಸೆಟ್ಟಿಂಗಿನಲ್ಲಿ ವಾಲ್ಯೂಮ್ ಹೆಚ್ಚು ಕಮ್ಮಿ ಮಾಡಿದರೆ ರಿಮೋಟೇ ಸದ್ದು ಮಾಡುತ್ತದೆ. ಮಾಡದಿದ್ದರೆ ಬೆಲೆ ಇಳಿಸಲು ಹೇಳಿ.